ಜಗಲಿಯ ಮೇಲಿನ ಕ್ಯಾಪ್ಟನ್

ಜಗಲಿಯ ಮೇಲಿನ ದೇವರಿಗೆಲ್ಲ ಹೂ ಏರಿಸಿ, ಆ ಒಂದು ಫೋಟೋಕ್ಕೆ ಮಾತ್ರ ಏರಿಸದೆ, ಮರೆತವಳ ಹಾಗೆ ನಾಗರತ್ನಾ ಎದ್ದು ಬಂದಿದ್ದಳು. ಮರೆತಿರಲಿಲ್ಲ. ತಟ್ಟೆಯಲ್ಲಿ ಇನ್ನೂ ಒಂದು ಕಣಗಿಲೆ ಹೂ ಉಳಿದಿತ್ತು. ಅದನ್ನು ಬೆರಳಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಬಂದು, ಎಲ್ಲಿಡಬೇಕೆಂದು ತಿಳಿಯದೆ ಕೊಡದ ಮುಚ್ಚಳದ ಮೇಲಿಟ್ಟು, ಒಗ್ಗರಣೆ ಮಂಡಕ್ಕಿಗೆ ಮಂಡಾಳು ತೋಯಿಸಲು ಕೂತಳು. ಅತ್ತೆ ಅನ್ನಮ್ಮ ಒಳಗೆ ಬಂದಳು. ಕೊಡದ ಮೇಲಿನ ಹೂವನ್ನು ಎತ್ತಿಕೊಂಡು ಹೋದಳು. ಜಗಲಿಯ ಮುಂದೆ ಮುದುಕಿಯ ಮಂಡಿ ಲಟಕ್ಕೆಂದದ್ದು, ಅವಳು ಸೆರಗು ಎಳೆದುಕೊಂಡದ್ದು, ಸಣ್ಣ ದನಿಯಲ್ಲಿ "ತಾಯೀ" ಎಂದದ್ದು ಎಲ್ಲವೂ ಒಳಗೆ ಕೇಳಿಸಿತು. ತಾಯಿ ಎಂದದ್ದು ದೇವಿಯನ್ನಲ್ಲ ಎಂಬುದು ನಾಗರತ್ನಾಳಿಗೆ ಗೊತ್ತಿತ್ತು. ಮಂಡಾಳು ನೀರಿನಲ್ಲಿ ಹೆಚ್ಚು ಹೊತ್ತು ಉಳಿದು ಮುದ್ದೆಯಾಯಿತು.

ಫೋಟೋದಲ್ಲಿದ್ದವಳು ಮಾನ್ವಿ ಊರಲ್ಲಿ ನಾಗರತ್ನಾಳ ಗಂಡ ಬಸವಲಿಂಗನ ಹೊರತು ಯಾರೂ ಕಂಡಿರದ ಹೆಂಗಸು. ಹೆಸರು ಡೊಮಿಂಗಾಸ್ ಅಂತೆ. ಮನೆಯಲ್ಲಿ ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ಆಫ್ರಿಕಾದ ಪಶ್ಚಿಮದ ಕಡಲಲ್ಲಿ ಯಾವುದೋ ಪುಟ್ಟ ದ್ವೀಪದ ಕಾವಲು ಪಡೆಯವಳು. ಮೈಗಿಂತ ದೊಡ್ಡದಾದ ಸಮವಸ್ತ್ರ, ತೋಳು ಮಡಚಿದ್ದು. ಬಿಸಿಲಿಗೆ ಕಿರಿದಾದ ಕಣ್ಣು. ನಗುವಿನಲ್ಲಿ ಒಂದು ಹಲ್ಲು ಮಿಂಚುತ್ತಿತ್ತು. ಮೂಲದ ಚಿತ್ರದಲ್ಲಿ ಅವಳ ಪಕ್ಕಕ್ಕೆ ಬಸವಲಿಂಗ ನಿಂತಿದ್ದ. ಅನ್ನಮ್ಮ ಅದನ್ನು ಬುರ್ಹಾನುದ್ದೀನನ ಸ್ಟುಡಿಯೋಕ್ಕೆ ಒಯ್ದು, ಬದುಕಿರುವ ಮಗನನ್ನು ದೇವರ ಜಗಲಿಯ ಮೇಲೆ ಇಡಬಾರದೆಂದು ಅವನನ್ನು ಕತ್ತರಿಸಿ ತೆಗೆಸಿದ್ದಳು. ಕ್ಯಾಪ್ಟನ್ನೂ ಬದುಕಿರುವವಳೇ ಅಲ್ಲವೇ ಎಂದು ನಾಗರತ್ನಾಳಿಗೆ ಅನ್ನಿಸಿದರೂ ಅಂದಿರಲಿಲ್ಲ. ಬುರ್ಹಾನುದ್ದೀನ್ ಹಿಂದೆ ನೀಲಿ ಆಕಾಶ ಹಾಕಿ, ಸುತ್ತ ಬಳ್ಳಿಯ ಅಂಚು ಬರೆದು ಕೊಟ್ಟಿದ್ದ. ಆದರೆ ಎಡಗಡೆಯ ಚೌಕಟ್ಟಿನ ಹತ್ತಿರ ಬಸವಲಿಂಗನ ಮೊಣಕೈ ಉಳಿದುಬಿಟ್ಟಿತ್ತು. ದಿನಾ ದೀಪ ಹಚ್ಚುವಾಗ ನಾಗರತ್ನಾಳ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಮೊಣಕೈಗೆ. ಅದು ಆ ಹೆಂಗಸಿನ ತೋಳಿಗೆ ತಾಗಿದೆಯೋ, ಸ್ವಲ್ಪದರಲ್ಲಿ ತಾಗಿಲ್ಲವೋ ಎಂಬುದನ್ನು ಅವಳು ಇನ್ನೂ ತೀರ್ಮಾನಿಸಿರಲಿಲ್ಲ.

ಅವತ್ತು ರಾಯಚೂರಿನಲ್ಲಿ ಬಸವಲಿಂಗನಿಗೆ ಸನ್ಮಾನವಿತ್ತು. ವರ್ತಕರ ಸಂಘದವರು ಕರೆದಿದ್ದರು. ಜೋಡಿಯಾಗಿ ಬರಬೇಕೆಂದು ಕಾರ್ಯದರ್ಶಿ ಹನುಮಂತ್ರಾಯರು ಎರಡು ಸಲ ಹೇಳಿ ಕಳಿಸಿದ್ದರು. ಹಸಿರು ಇಳಕಲ್ ಸೀರೆ ಉಟ್ಟು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ನಾಗರತ್ನಾಳಿಗೆ ಇದೇ ದಾರಿಯಲ್ಲಿ ಒಬ್ಬಳೇ ಓಡಾಡಿದ್ದು ನೆನಪಾಯಿತು. ಅವನ ಹಡಗನ್ನು ಕಡಲ್ಗಳ್ಳರು ಹಿಡಿದರೆಂಬ ಸುದ್ದಿ ಬಂದಾಗ ಮನೆಯವರಿಗೆಲ್ಲ ಏನು ಮಾಡಬೇಕೆಂದೇ ತೋಚಿರಲಿಲ್ಲ. ಅಕ್ಕಿ ಗಿರಣಿಯ ಡೀಸೆಲ್ ಎಂಜಿನ್ನಿನ ಮುಂದೆ ಕೆಲಸ ಕಲಿತ ಹುಡುಗ ಹಡಗಿನ ಎಂಜಿನ್ನಿಗೆ ಎಣ್ಣೆ ಹಾಕಲು ಹೋದದ್ದೇ ಊರಿಗೆ ಒಂದು ವಿಚಿತ್ರವಾಗಿತ್ತು. ಸಮುದ್ರದಲ್ಲಿ ಕಳ್ಳರಿರುತ್ತಾರೆಂದರೆ ಯಾರು ನಂಬಬೇಕು. ಜಿಲ್ಲಾ ಕಚೇರಿಯ ಬೆಂಚಿನ ಮೇಲೆ ಅವಳು ಕೂತಳು. ಯಾರೋ ದೆಹಲಿಯ ನಂಬರು ಕೊಟ್ಟರು, ಅಲ್ಲಿಯವರು ಮುಂಬೈಯದು ಕೊಟ್ಟರು. ಉಳಿದದ್ದು ಉಪವಾಸ. ಸೋಮವಾರ ಸೋಮವಾರ ಚೀಕಲಪರ್ವಿಗೆ ಹೋಗಿ ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ದಂಡೆಯ ಮೇಲೆ ಕಣ್ಣು ಮುಚ್ಚಿ ಕೂಡುತ್ತಿದ್ದಳು. ತುಂಗಭದ್ರೆಯ ನೀರು ಕೃಷ್ಣೆಗೆ ಸೇರಿ, ಕೃಷ್ಣೆ ಸಮುದ್ರಕ್ಕೆ ಸೇರಿ, ಆ ಸಮುದ್ರ ಈ ಸಮುದ್ರಕ್ಕೆ ತಗುಲಿ ಹೇಗೋ ಅವನ ಹಡಗಿನ ಹೊಟ್ಟೆಗೆ ಮುಟ್ಟುತ್ತದೆ ಎಂದು ನಂಬಿದ್ದಳು. ದೇವದುರ್ಗದ ತವರಿನಲ್ಲಿ ಕೃಷ್ಣೆಯ ಮಹಾಪೂರ ನೋಡಿ ಬೆಳೆದವಳು ಅವಳು. ಆ ಕೆಂಪು ನೀರಿಗಿಂತ ದೊಡ್ಡ ನೀರನ್ನು ಕಲ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಅನ್ನ ಬಿಟ್ಟು ಬಿಟ್ಟು ಕೈಬಳೆಗಳು ಸಡಿಲಾಗಿ, ರೊಟ್ಟಿ ಬಡಿಯುವಾಗ ಮೊಣಕೈತನಕ ಜಾರುತ್ತಿದ್ದವು. ಅದನ್ನು ಆಗ ಎಲ್ಲರೂ ನೋಡಿದ್ದರು. ಅವನು ಬಂದಮೇಲೆ ಒಬ್ಬರೂ ಅದರ ಮಾತೆತ್ತಲಿಲ್ಲ. ಕಡೆಗೆ ಅವನನ್ನು ಬಿಡಿಸಿದ್ದು ಉಪವಾಸವಲ್ಲ, ಒಬ್ಬ ಹೆಂಗಸು ಎಂದು ತಿಳಿದಾಗ, ಇಷ್ಟು ದಿನ ತಾನು ಮಾಡಿದ್ದು ಬಾಗಿಲು ಹಾಕಿದ ಅಂಗಡಿಯ ಮುಂದೆ ಸರತಿ ನಿಂತ ಹಾಗಾಯಿತು.

ರಾಯಚೂರು ಸ್ಟೇಷನ್ನಿನಲ್ಲಿ ಅವನು ರೈಲಿನಿಂದ ಇಳಿದಾಗ ಅವಳು ಎಲ್ಲರೆದುರು ಅವನ ಎದೆಗೆ ಬಿದ್ದು ಅತ್ತಿದ್ದಳು. ಅವನು ಬೇರೆಯವರ ಮಗುವನ್ನು ಸಮಾಧಾನ ಮಾಡುವವನಂತೆ ಬೆನ್ನು ತಟ್ಟಿ, ತಲೆಯ ಮೇಲಿಂದ ಎತ್ತಲೋ ನೋಡುತ್ತಿದ್ದ. ಮನೆಗೆ ಬಂದ ಮೇಲೂ ಅವಳೊಡನೆ ಮಾತು ಕಡಿಮೆ. ಅಲ್ಲಿ ಏನಾಯಿತು ಎಂದು ಕೇಳಿದರೆ, ಆಗೋದು ಆಗಿ ಹೋತು, ಬಿಡು ಎನ್ನುತ್ತಿದ್ದ. ಆದರೆ ಗಿರಣಿಯ ಹಮಾಲರಿಗೆ, ಕ್ಷೌರದಂಗಡಿಯಲ್ಲಿ, ಬೀಗರ ಮನೆಯ ಪಡಸಾಲೆಯಲ್ಲಿ ಮಾತ್ರ ಅವನ ಬಾಯಿ ತಾನಾಗಿ ಬಿಚ್ಚುತ್ತಿತ್ತು. ಅವಳಿಗೆ ಗೊತ್ತಾದದ್ದೆಲ್ಲ ಹಾಗೆ, ಬಾಗಿಲ ಸಂದಿಯಲ್ಲಿ ನಿಂತು, ಚಹಾದ ಲೋಟಗಳನ್ನು ಹಿಡಿದುಕೊಂಡು ಕೇಳಿದ್ದು. ಆ ದ್ವೀಪಕ್ಕೆ ಇರುವುದು ಒಂದೇ ದೋಣಿ. ಅದೂ ಯಾವುದೋ ದೊಡ್ಡ ದೇಶ ಬಳಸಿ ಬಿಟ್ಟದ್ದು. ಡೀಸೆಲ್ ಸಾಲದೆ ಹೋದರೆ ಕ್ಯಾಪ್ಟನ್ ಮೀನುಗಾರರ ಸಂಘದ ಮುಂದೆ ಡಬ್ಬಿ ಹಿಡಿದು ನಿಲ್ಲುತ್ತಾಳೆ. ದುರ್ಬೀನಿನ ಒಂದು ಕಣ್ಣು ಒಡೆದಿದೆ, ಇನ್ನೊಂದರಲ್ಲಿ ನೋಡುತ್ತಾಳೆ. ಬ್ಯಾಟರಿಯನ್ನು ಸಂಜೆ ಬಿಚ್ಚಿ ತಲೆಯ ಮೇಲೆ ಹೊತ್ತು ಮನೆಗೆ ಒಯ್ದು ಚಾರ್ಜಿಗೆ ಇಡುತ್ತಾಳೆ. ಅಂಥವಳು, ಕೆಮ್ಮುತ್ತ ನಿಲ್ಲುತ್ತ ಬಂದ ಆ ದೋಣಿಯಲ್ಲಿ, ಬಂದೂಕಿಗಿಂತ ಹೆಚ್ಚಾಗಿ ದೋಣಿಯ ಭೋಂಗಾ, ಅಂದರೆ ಸೈರನ್ನು, ನಂಬಿಕೊಂಡು, ಮಂಜಿನ ಮರೆಯಿಂದ ಸದ್ದು ಮಾಡುತ್ತ ಹಡಗನ್ನು ಸುತ್ತು ಹಾಕಿದಳು. ಕಳ್ಳರು ದೊಡ್ಡ ಪಡೆಯೇ ಬಂತೆಂದು ತಮ್ಮ ದೋಣಿಗೆ ಹಾರಿ ಓಡಿದರು. ಎಂಜಿನ್ ಕೋಣೆಯ ಪಕ್ಕದ ಕತ್ತಲಲ್ಲಿ ವಾರಗಟ್ಟಲೆ ಕೂಡಿಹಾಕಿದ್ದವರ ಬಾಗಿಲನ್ನು ಅವಳು ತೆರೆದಳು. ಇಲ್ಲಿಗೆ ಬಂದಾಗ ಬಸವಲಿಂಗ ಯಾವಾಗಲೂ ಸ್ವಲ್ಪ ತಡೆದು, ಎದುರಿಗಿದ್ದವನ ಕೈ ಹಿಡಿದುಕೊಂಡು ಹೇಳುತ್ತಿದ್ದ: "ಎಲ್ಲಾರೂ ನನ್ನ ನೋಡಿ ಅಳತಾರ. ಆಕಿ ಅಳಲಿಲ್ಲ. ಅಳಬ್ಯಾಡ ಅಂತನೂ ಅನ್ನಲಿಲ್ಲ. ತಿರುಗಿ ಬರೂ ದಾರ್‍ಯಾಗ ದೋಣಿ ಬಂದ್ ಬಿತ್ತು. ನೀ ಎಂಜಿನ್ನಿನಾಂವ ಹೌದಿಲ್ಲೋ ಅಂತ ಕೇಳಿ, ನನ್ನ ಕೈಯಾಗ ಪಾನಾ ಕೊಟ್ಳು."

ಪಾನಾ. ನಟ್ಟು ತಿರುಗಿಸುವ ಬರಿಯ ಒಂದು ಕಬ್ಬಿಣದ ಪಾನಾ. ಅದನ್ನು ಕೈಯಲ್ಲಿ ಹಿಡಿದಾಗ ತಾನು ಮತ್ತೆ ಮನುಷ್ಯನಾದೆ ಎಂದು ಅವನು ಹೇಳುತ್ತಿದ್ದ. ನಾಗರತ್ನಾಳಿಗೆ ಆ ಹೆಂಗಸಿನ ಮೇಲೆ ಮೊದಲು ಬಂದದ್ದು ಸಿಟ್ಟಲ್ಲ, ಇದು ತನಗೆ ಯಾಕೆ ಹೊಳೆಯಲಿಲ್ಲ ಎಂಬ ನಾಚಿಕೆ. ತಾನು ಅವನಿಗೆ ಏನು ಕೊಟ್ಟಿದ್ದೆ? ತುಪ್ಪ ಹಾಕಿದ ಬಿಸಿ ಅನ್ನ, ಎಣ್ಣೆನೀರು, ಮೆತ್ತಗಿನ ಹಾಸಿಗೆ. ಬಾವಿಯ ಮೋಟರು ಕೆಟ್ಟಾಗ ಸುಸ್ತಾಗುತ್ತದೆ ಮಲಗಿರಿ ಎಂದು ಬೇರೆಯವನನ್ನು ಕರೆಸಿದ್ದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ನಾಚಿಕೆ ಹುಳಿಯಾಗಿ ಹೊಟ್ಟೆಯುರಿಯಾದದ್ದು ಆಮೇಲೆ, ಫೋನುಗಳು ಶುರುವಾದ ಮೇಲೆ. ಸಂಜೆ ಹಿತ್ತಲಿನ ಬಚ್ಚಲ ಕಲ್ಲಿನ ಮೇಲೆ ಕೂತು ಅವನು, ದೋಣಿ ಕೆಟ್ಟಾಗೆಲ್ಲ ಕರೆ ಮಾಡುವ ಕ್ಯಾಪ್ಟನ್ ಜೊತೆ ಮಾತಾಡುತ್ತಿದ್ದ. ನಾಗರತ್ನಾ ಪಿಯುಸಿ ಓದಿದವಳು. ಪಂಪು, ಪೈಪು, ವೇಟ್, ಗುಡ್ ಎಂಬ ಮಾತುಗಳು ತಿಳಿಯುತ್ತಿದ್ದವು. ತಿಳಿಯದಿದ್ದದ್ದು ಅವನ ದನಿ. ಅಷ್ಟು ದೊಡ್ಡದಾಗಿ, ಅಷ್ಟು ಅಧಿಕಾರದಿಂದ ಅವನು ಮನೆಯಲ್ಲಿ ಒಂದು ಲೋಟ ನೀರನ್ನೂ ಕೇಳಿದವನಲ್ಲ. ಒಮ್ಮೊಮ್ಮೆ ಆ ಕಡೆಯಿಂದ ಮಾತು ನಿಂತು ಬರೀ ಎಂಜಿನ್ನಿನ ಸದ್ದು ಬರುತ್ತಿತ್ತು. ಆಗ ಅವನು ಕಣ್ಣು ಮುಚ್ಚಿ, ಫೋನನ್ನು ಕಿವಿಗೆ ಒತ್ತಿಕೊಂಡು, ತಲೆಯನ್ನು ಸ್ವಲ್ಪ ಓರೆ ಮಾಡಿ ಆಲಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಒಮ್ಮೆ, ಮಗು ನಿಂತಿದೆಯೆಂದು ತಪ್ಪಾಗಿ ತಿಳಿದಿದ್ದ ಕೆಲವು ದಿನ, ಅವನು ಅವಳ ಹೊಟ್ಟೆಗೆ ಕಿವಿಯಿಟ್ಟು ಆಲಿಸಿದ್ದು ಹೀಗೆಯೇ. ಅವಳು ಒಣಗಿದ ಬಟ್ಟೆಗಳನ್ನು ತೆಗೆಯದೆ ಹಾಗೆಯೇ ಒಳಗೆ ಬಂದುಬಿಡುತ್ತಿದ್ದಳು.

ಸಭಾಂಗಣದಲ್ಲಿ ಫ್ಯಾನುಗಳು ತಿರುಗಿದರೂ ಸೆಕೆ. ವರ್ತಕರು, ಅವರ ಹೆಂಡಂದಿರು, ಒಂದು ಕಾಲೇಜಿನ ಹುಡುಗಿಯರು. ಇಬ್ಬರನ್ನೂ ವೇದಿಕೆಯ ಮೇಲೆ ಕೂಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಅವಳ ಹೆಗಲಿಗೆ ಹಾಕಿದ ಶಾಲು ಜಾರಿ ಬಿದ್ದಾಗ ಹನುಮಂತ್ರಾಯರು ಎತ್ತಿ ಬುಟ್ಟಿಯ ಮೇಲೆಯೇ ಇಟ್ಟರು. ಮೈಕಿನ ಹತ್ತಿರ ಹೋಗುವ ಮೊದಲು ಬಸವಲಿಂಗ ಜೇಬಿನ ಫೋನನ್ನು ತೆಗೆದು ಅವಳ ಕೈಗೆ ಕೊಟ್ಟ. ಅದು ಅವನ ಮೈಯ ಬಿಸಿಗೆ ಬೆಚ್ಚಗಿತ್ತು. ಅವನು ಮಾತು ಶುರುಮಾಡಿದ. ಕ್ಷೌರದಂಗಡಿಯಲ್ಲಿ ಹೇಳಿದ್ದೇ, ಆದರೆ ಈಗ ಎಲ್ಲೆಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದು ಅವನಿಗೆ ಕೈಗೂಡಿತ್ತು. ಒಡೆದ ದುರ್ಬೀನಿಗೆ ಜನ ನಕ್ಕರು. ಬಂದೂಕು ಬಿಟ್ಟು ಭೋಂಗಾ ಊದಿದ್ದಕ್ಕೆ ಚಪ್ಪಾಳೆ ಬಂತು. ಪಾನಾದ ಜಾಗಕ್ಕೆ ಬಂದಾಗ ಮುಂದಿನ ಸಾಲಿನ ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡಳು. ಸೋಮವಾರಗಳು ಬರಲಿಲ್ಲ. ಜಿಲ್ಲಾ ಕಚೇರಿಯ ಬೆಂಚು ಬರಲಿಲ್ಲ. ಬರುತ್ತದೆಂದು ತಾನು ಕಾಯುತ್ತಿದ್ದೆ ಎಂಬುದು ನಾಗರತ್ನಾಳಿಗೆ ಆಗಲೇ ಗೊತ್ತಾದದ್ದು, ಮತ್ತು ಹಾಗೆ ಕಾದದ್ದಕ್ಕೆ ತನ್ನ ಮೇಲೆಯೇ ಹೇಸಿಕೆಯಾಯಿತು. ಅಷ್ಟರಲ್ಲಿ ಅವನು, ಒಂದು ಹೊಸ ಸುದ್ದಿ ಅದ, ಮೊದಲ ಸಲ ಇಲ್ಲೇ ಹೇಳಾಕತ್ತೀನಿ ಎಂದ. ಆ ದ್ವೀಪದವರು ತನ್ನನ್ನು ಕರೆದಿದ್ದಾರೆ. ಅವರ ದೋಣಿಯ ಎಂಜಿನ್ ನೋಡಿಕೊಂಡು, ಅಲ್ಲಿಯ ಹುಡುಗರಿಗೆ ಕೆಲಸ ಕಲಿಸಿಕೊಂಡು ಇರಲು. ಕಾಗದಪತ್ರ ಬಂದರೆ ಬರುವ ತಿಂಗಳು ಹೊರಡುವುದು.

ಚಪ್ಪಾಳೆ ಬಹಳ ಹೊತ್ತು ಬಿತ್ತು. ಅದರ ನಡುವೆ ಅವಳೊಬ್ಬಳೇ ಸುದ್ದಿಯನ್ನು ಸುದ್ದಿಯಾಗಿ ಕೇಳಿಸಿಕೊಂಡವಳಂತೆ ಕೂತಿದ್ದಳು. ಉಳಿದವರಿಗೂ ಅದು ಈಗಷ್ಟೇ ತಿಳಿದದ್ದು ಹೌದು, ಆದರೆ ಅವರಿಗೆ ಈಗ ತಿಳಿಯಬೇಕಾದದ್ದೇ. ಹನುಮಂತ್ರಾಯರು ತಾವೇ ಮೈಕಿಗೆ ಬಾಗಿ, ಇಂಥ ಗಂಡಸಿನ ಹಿಂದೆ ಈ ತಂಗಿಯ ತ್ಯಾಗ ಎಷ್ಟು ದೊಡ್ಡದು ನೋಡ್ರಿ, ನಗುನಗುತ್ತ ಎರಡನೇ ಸಲ ಕಳಿಸಾಕತ್ತಾರ ಎಂದರು. ಎಲ್ಲರ ಮುಖ ಅವಳ ಕಡೆ ತಿರುಗಿತು. ಅವಳು ನಕ್ಕಳು. ನಗು ಮುಖದ ಮೇಲೆ ಎಲ್ಲಿ ಕೂತಿದೆ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ತುಟಿಯ ಮೇಲೋ, ಕೆನ್ನೆಯಲ್ಲೋ, ಬೇರೆ ಯಾರದೋ ಮುಖದ ಮೇಲೋ. ಎರಡು ಮಾತಾಡ್ರಿ ತಂಗೀ ಎಂದು ಹನುಮಂತ್ರಾಯರು ಮೈಕನ್ನು ಅವಳ ಕಡೆ ಬಗ್ಗಿಸಿದರು. ಅವಳು ಎದ್ದು ನಿಂತು, "ಎಲ್ಲಾರಿಗೂ ಶರಣ್ರೀ" ಎಂದು ಕೂತುಬಿಟ್ಟಳು. ಯಾರೋ ಪ್ರೀತಿಯಿಂದಲೇ ನಕ್ಕರು. ಕಾಲೇಜಿನ ಹುಡುಗಿಯರು ಆಗಲೇ ಬಸವಲಿಂಗನ ಕಡೆ ತಿರುಗಿ, ಆ ಕ್ಯಾಪ್ಟನ್‌ಗೆ ಭಯ ಆಗಲಿಲ್ಲವಾ ಎಂದು ಪ್ರಶ್ನೆ ಕೇಳುತ್ತಿದ್ದರು.

ಆಗ ಅವಳ ಅಂಗೈಯಲ್ಲಿ ಫೋನು ನಡುಗಿತು. ನೋಡಿದಳು. ಬಿಸಿಲಿಗೆ ಕಿರಿದಾದ ಆ ಕಣ್ಣು, ಆ ಹಲ್ಲು. ಇಲ್ಲಿಗೂ ಬಂದಳೇ ಎನ್ನಿಸಿತು. ಅವಳ ಹೆಬ್ಬೆರಳು ಕೆಂಪು ಗುರುತಿನ ಮೇಲೆ ಹೋಗಿ ಒತ್ತಿತು. ಮುಖ ಹೋಯಿತು. ಅಷ್ಟು ಸುಲಭ. ಉಪವಾಸಕ್ಕಿಂತ, ಹೊಳೆಯ ಸ್ನಾನಕ್ಕಿಂತ ಎಷ್ಟೋ ಸುಲಭ. ಮತ್ತೆ ನಡುಗಿತು, ಮತ್ತೆ ಒತ್ತಿದಳು. ಈ ಸಲ ಅದರಲ್ಲಿ ಒಂದು ಸಣ್ಣ ರುಚಿಯಿತ್ತು. ಮೇಜಿನ ಬಟ್ಟೆಯ ಮರೆಯಲ್ಲಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಮೂರನೆಯ ಸಲ ನಡುಗುವುದನ್ನು ಬೇಕೆಂದೇ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು ನೋಡಿದಳು. ಕರೆಯಲಿ. ಬಾಗಿಲು ಬಡಿಯಲಿ. ಒಳಗಿದ್ದೂ ತೆರೆಯದೆ ಇರುವುದು ಹೇಗಿರುತ್ತದೆಂದು ನಾನೂ ನೋಡುತ್ತೇನೆ. ಆಮೇಲೆ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದು ಪೂರಾ ಆರಿಸಿ ತಲೆಯೆತ್ತಿದಾಗ ಬಸವಲಿಂಗ ಮಾತಿನ ನಡುವೆ ಅವಳ ಕಡೆಗೊಮ್ಮೆ ನೋಡಿ, ಹುಡುಗಿಯರ ಕಡೆ ತಿರುಗಿ, ಆಕಿಗೆ ಭಯ ಅನ್ನೂದೇ ಗೊತ್ತಿಲ್ಲ ಎಂದ.

ವಾಪಸು ಬರುವಾಗ ಬಸ್ಸಿನ ತುಂಬ ಸಂತೆಯ ಚೀಲಗಳು. ಕಿಟಕಿಯಿಂದ ಬರುತ್ತಿದ್ದ ಇಳಿಹೊತ್ತಿನ ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಹೊರಡುವ ಸುದ್ದಿಯನ್ನು ತನಗೆ ಮೊದಲು ಯಾಕೆ ಹೇಳಲಿಲ್ಲವೆಂದು ಕೇಳಬೇಕೆಂದುಕೊಂಡೇ ಅವಳು ಕಲ್ಲೂರು ದಾಟುವವರೆಗೆ ಸುಮ್ಮನಿದ್ದಳು. ಕೇಳಿದರೆ ಅವನು, ಹೇಳಾಂವ ಇದ್ದೆ ಎನ್ನುತ್ತಾನೆ. ಆ ಉತ್ತರ ಕೇಳುವುದಕ್ಕಿಂತ ಕೇಳದಿರುವುದೇ ಮೇಲು. ಬಸವಲಿಂಗ ಫೋನು ಬೇಡಿದ. ಕೊಟ್ಟಳು. ಅವನು ಅದನ್ನು ಹೊತ್ತಿಸಿದ್ದೇ ತಡ, ಒಂದರ ಮೇಲೊಂದು ಸಂದೇಶಗಳು ಬಿದ್ದವು. ಒಂದನ್ನು ಒತ್ತಿ ಕಿವಿಗೆ ಹಿಡಿದ. ಬಸ್ಸಿನ ಸದ್ದಿನ ಮೇಲೆಯೂ ನಾಗರತ್ನಾಳಿಗೆ ಕೇಳಿಸಿತು: ಗಾಳಿ, ಗಂಡಸರ ಕೂಗಾಟ, ಎಂಜಿನ್ನು ಕೆಮ್ಮಿ ಕೆಮ್ಮಿ ಉಸಿರು ಬಿಟ್ಟದ್ದು, ಅದರ ನಡುವೆ ಅವನ ಹೆಸರನ್ನು ಅರ್ಧಕ್ಕೆ ನಿಲ್ಲಿಸಿ "ಬಾಸಾ, ಬಾಸಾ" ಎಂದು ಒಂದು ಹೆಣ್ಣುದನಿ. ಆ ದನಿ ಅವಳು ಅಂದುಕೊಂಡಿದ್ದಂತೆ ಇರಲಿಲ್ಲ. ವಯಸ್ಸಾದ ದನಿ, ಒಡೆದದ್ದು, ದೇವದುರ್ಗದಲ್ಲಿ ಅವಳ ಸೋದರತ್ತೆ ಆದೆಮ್ಮ ಕತ್ತಲಾದರೂ ಬಾರದ ಕುರಿಗಳನ್ನು ಕೂಗುತ್ತಿದ್ದಳಲ್ಲ, ಹಾಗೆ. ಬಸವಲಿಂಗ ಎದ್ದು ನಿಂತ, ಮತ್ತೆ ಕೂತ. ಫೋನು ಆರಿ ಹೋಗಿತ್ತೇನು ಎಂದು ಕೇಳಿದ. ಚಾರ್ಜು ಹೋಗಿರಬೇಕು ಎಂದಳು. ಅವನು ಪರದೆಯ ಮೂಲೆಯನ್ನು ನೋಡಿದ. ಅರ್ಧಕ್ಕಿಂತ ಹೆಚ್ಚು ಚಾರ್ಜು ಇದ್ದದ್ದು ಅವಳಿಗೂ ಕಾಣಿಸುತ್ತಿತ್ತು. ಅವನು ಆ ಕಡೆಗೆ ಕರೆ ಹಚ್ಚಿದ. ಮಾನ್ವಿ ಬರುವವರೆಗೂ ಹಚ್ಚುತ್ತಲೇ ಇದ್ದ. ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಹಿತ್ತಲಲ್ಲಿ ಅಕ್ಕಿ ಕೇರುತ್ತಿದ್ದಾಗ ಬಸವಲಿಂಗ ಬಂದು ಬಚ್ಚಲ ಕಲ್ಲಿನ ಮೇಲೆ ಕೂತ. ದ್ವೀಪದಿಂದ ಸುದ್ದಿ ಬಂದಿತ್ತು. ಅವರ ಕಡಲಿನ ಅಂಚಿಗೆ ಎಣ್ಣೆ ಸಾಗಿಸುವ ಒಂದು ಸಣ್ಣ ಹಡಗನ್ನು ಕಳ್ಳರು ಏರಿದ್ದರು. ಹಡಗಿನವರು ಕ್ಯಾಪ್ಟನ್‌ಗೆ ಕರೆ ಮಾಡಿದ್ದರು. ಹೊರಡಬೇಕೆಂದರೆ ದೋಣಿ ಚಾಲೂ ಆಗಲಿಲ್ಲ. ಕಡೆಗೆ ಮೀನುಗಾರರ ಎರಡು ದೋಣಿಗಳಲ್ಲಿ ತನ್ನವರನ್ನು ತುಂಬಿಕೊಂಡು ಅವಳು ಹೋಗಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಡಗಿನವರಲ್ಲಿ ಹೆಚ್ಚಿನವರು ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬಚಾವಾದರು.

"ಇಬ್ಬರನ್ನ ಒಯ್ದಾರ," ಎಂದ.

ಅವಳ ಮೊರ ನಿಂತಿತು. ಏನಾಗಿತ್ತು ದೋಣಿಗೆ ಎಂದು ಕೇಳಿದಳು. ಅವನು ತನ್ನ ಅಂಗೈ ನೋಡುತ್ತ, ಎಣ್ಣೆಯ ಪೈಪಿನಾಗ ಗಾಳಿ ಹೊಕ್ಕಿತ್ತು, ಒಂದು ನಟ್ಟು ಸಡ್ಲ ಮಾಡಿ ಗಾಳಿ ಬಿಟ್ಟಿದ್ರ ಚಾಲೂ ಆಗ್ತಿತ್ತು, ಯಾವ ನಟ್ಟು ಅನ್ನೂದು ಆಕಿಗೆ ತಿಳೀಲಿಲ್ಲ ಎಂದ. ಅಂಗಳದಲ್ಲಿ ಗುಬ್ಬಿಗಳು ನುಚ್ಚಿಗಾಗಿ ಕಾಯುತ್ತಿದ್ದವು. ಆ ಇಬ್ಬರು ಯಾರು, ಎಲ್ಲಿಯವರು ಎಂಬುದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ.

"ಮದಿವಿ ಆಗ್ಯಾವೇನು ಅವರ್ದು?" ಎಂದು ನಾಗರತ್ನಾ ಕೇಳಿದಳು.

ಅವನು ಗೊತ್ತಿಲ್ಲವೆಂದು ತಲೆಯಲ್ಲಾಡಿಸಿದ. ಆದರೆ ಅವಳಿಗೆ ಆಗಲೇ ಕಾಣಿಸತೊಡಗಿತ್ತು. ಯಾವುದೋ ಊರು, ಯಾವುದೋ ಕಚೇರಿಯ ಬೆಂಚು, ಅದರ ತುದಿಯಲ್ಲಿ ಕೂತ ಹೆಂಗಸು. ಮುಖ ಕಾಣುವುದಿಲ್ಲ. ಕೈ ಕಾಣುತ್ತದೆ. ಅವಳು ಯಾವ ದೇವರನ್ನು ಹಿಡಿದುಕೊಳ್ಳುತ್ತಾಳೋ, ಯಾವ ನೀರಿನಲ್ಲಿ ಮುಳುಗುತ್ತಾಳೋ. ಇನ್ನು ತಿಂಗಳುಗಟ್ಟಲೆ ಫೋನು ನಡುಗಿದಾಗಲೆಲ್ಲ ಎದೆ ಹಾರುತ್ತದೆ. ಆ ಜಾಗದಲ್ಲಿ ತಾನು ಕೂತಿದ್ದೆ. ಎದ್ದು ಬಂದು, ಅದು ಖಾಲಿ ಉಳಿಯಬಾರದೆಂದು ಇನ್ನೊಬ್ಬಳನ್ನು ಕೈಹಿಡಿದು ಕೂಡಿಸಿ ಬಂದೆ. ಮೊರವನ್ನು ಕೆಳಗಿಟ್ಟಳು. ಹೇಳದಿದ್ದರೂ ನಡೆಯುತ್ತಿತ್ತು. ಚಾರ್ಜು ಹೋಗಿತ್ತು ಎಂಬ ಮಾತನ್ನು ಅವನು ಅಲ್ಲಗಳೆದಿರಲಿಲ್ಲ, ಇನ್ನೊಂದೆರಡು ದಿನ ಕಳೆದರೆ ಅದೇ ನಿಜವಾಗುತ್ತಿತ್ತು.

"ಚಾರ್ಜ್ ಹೋಗಿರಲಿಲ್ಲ," ಎಂದಳು. "ನಾನೇ ಕಟ್ ಮಾಡಿದೆ. ಆಮ್ಯಾಲ ಆರಿಸಿಬಿಟ್ಟೆ."

ಅವನು ಸಿಡಿದೇಳುತ್ತಾನೆಂದು ಅವಳು ಹೆಗಲು ಬಿಗಿಹಿಡಿದಿದ್ದಳು. ಅವನು ಕೂತಲ್ಲೇ ಇದ್ದ.

"ನೋಡಿದ್ದೆ," ಎಂದ. "ನೀ ಮೊದಲನೇ ಸಲ ಒತ್ತಿದಾಗನೇ ನೋಡಿದೆ. ಆ ಹೊತ್ತಿನ್ಯಾಗ ಆಕಿ ಸುಮ್ಮಸುಮ್ಮನ ಫೋನ್ ಮಾಡಾಕಿ ಅಲ್ಲ, ಅದೂ ಗೊತ್ತಿತ್ತು. ಮೈಕ್ ಬಿಟ್ಟು ಬಂದು ಫೋನ್ ಇಸಗೋಬಹುದಿತ್ತು." ಆಮೇಲೆ ಹೇಳಿದ, "ಮಂದಿ ನನ್ನ ಕತಿ ಕೇಳಾಕತ್ತಿದ್ರು."

ನಾಗರತ್ನಾ ಅವನನ್ನು ನೋಡಿದಳು. ಅವನು ಬಂದ ದಿನದಿಂದ ಇಷ್ಟು ನೇರವಾಗಿ ನೋಡಿರಲಿಲ್ಲ. ಗಡ್ಡದಲ್ಲಿ ಬಿಳಿಗೂದಲು ಬಂದಿತ್ತು. ಕೆಳತುಟಿ ಒಣಗಿ ಸಿಪ್ಪೆ ಎದ್ದಿತ್ತು. ಊರಿಗೆಲ್ಲ ಹೇಳಿದ ಕತೆಯಲ್ಲಿ ಈ ಮುಖ ಇರಲಿಲ್ಲ. ಇದನ್ನು ಅವನು ಹಮಾಲರ ಮುಂದೆ ಹೇಳಲಾರ, ಮೈಕಿನ ಮುಂದೆ ಹೇಳಲಾರ, ಆ ಹೆಂಗಸಿಗಂತೂ ಹೇಳಲಾರ. ಇದು ನಮ್ಮಿಬ್ಬರದು ಎಂದು ಅವಳಿಗೆ ಅನ್ನಿಸಿತು. ಕ್ಯಾಪ್ಟನ್‌ಗೆ ಗೊತ್ತಿಲ್ಲದ್ದು, ಗೊತ್ತಾಗಬಾರದ್ದು, ಕೊನೆಗೂ ಒಂದು ಸಿಕ್ಕಿತು. ಎದೆಯಲ್ಲಿ ಏನೋ ಬೆಚ್ಚಗೆ ಹರಡಿತು. ಅದು ಸುಖವೆಂದು ಗುರುತಿಸಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಗುರುತಿಸಿದ ಕೂಡಲೇ ಮೈ ತಣ್ಣಗಾಯಿತು. ಅಲ್ಲೆಲ್ಲೋ ಇಬ್ಬರನ್ನು ಕಟ್ಟಿ ದೋಣಿಯ ತಳಕ್ಕೆ ಕೆಡವಿದ್ದಾರೆ, ಇಲ್ಲಿ ತಾನು ಗಂಡನನ್ನು ಪಡೆದವಳಂತೆ ಕೂತಿದ್ದೇನೆ. ಸುಖ ಹೋಗಲಿಲ್ಲ. ತಣ್ಣಗಾದ ಮೈಯೊಳಗೆ ಅದೂ ಇತ್ತು.

ಬರುವ ತಿಂಗಳತನಕ ಕಾಯಾಂವ ಅಲ್ಲ, ಈಗಂತೂ ಹೋಗಲೇಬೇಕು ಎಂದು ಅವನು ನೆಲ ನೋಡುತ್ತ ಹೇಳಿದ. ಹೋಗಬೇಡಿರಿ ಎಂದು ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ಬಾಯಿಗೆ ಬರುವಂತಿರಲಿಲ್ಲ. ಕಳಿಸುತ್ತಿರುವವಳು ಕ್ಯಾಪ್ಟನ್ ಅಲ್ಲ, ತಾನೇ. ಹನುಮಂತ್ರಾಯರು ಹೇಳಿದ್ದು ಹೀಗೆ ನಿಜವಾಯಿತು. "ಹೋಗಿ ಬರ್ರಿ," ಎಂದಳು.

ಬಿಸಿಲು ಗೋಡೆ ಏರಿದ ಮೇಲೆ ಫೋನು ಬಂತು. ಬಸವಲಿಂಗ ಅವಳ ಮುಖ ನೋಡಿ, ಎದ್ದು ದೂರ ಹೋಗದೆ ಅಲ್ಲಿಯೇ ಎತ್ತಿದ. ಪರದೆಯಲ್ಲಿ, ಅಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದ್ದ ಬೂದು ನೀರು, ಹಗ್ಗ ಕಟ್ಟಿ ನಿಲ್ಲಿಸಿದ ಸಣ್ಣ ದೋಣಿ. ಅದರ ಮುಂದೆ ಕ್ಯಾಪ್ಟನ್. ಟೋಪಿ ಇರಲಿಲ್ಲ, ತಲೆಗೂದಲು ತೆಳುವಾಗಿ, ಕಣ್ಣಿನ ಕೆಳಗೆ ಊದಿಕೊಂಡಿತ್ತು. ನಿದ್ದೆಗೆಟ್ಟ, ದುಡಿದು ಸೋತ ಹೆಂಗಸು. ಹೊಟ್ಟೆಯುರಿ ಪಟ್ಟದ್ದು ಇವಳ ಮೇಲೋ ಎಂದು ನಾಗರತ್ನಾಳಿಗೆ ಕುಗ್ಗಿದಂತಾಯಿತು. ಆ ಇಬ್ಬರ ಬಗ್ಗೆ ಇನ್ನೂ ಸುದ್ದಿಯಿಲ್ಲ ಎಂದು ಅವಳು ಹೇಳುತ್ತಿದ್ದದ್ದು ತಿಳಿಯಿತು. ಆಮೇಲೆ ಅವಳು ಕೈಯನ್ನು ಎದೆಗಿಟ್ಟುಕೊಂಡು ಸಾರಿ ಎಂದಳು, ವೈಫ್ ಎಂದಳು. ಬಸವಲಿಂಗ ಅದನ್ನು ಕನ್ನಡದಲ್ಲಿ ಹೇಳಿದ.

"ನಿನಗ ಮಾಫಿ ಕೇಳಾಕತ್ತಾಳ. ನಿಮ್ಮ ಕಾರ್ಯಕ್ರಮದ ಹೊತ್ತಿನ್ಯಾಗ ಫೋನ್ ಮಾಡಿ ತ್ರಾಸ ಕೊಟ್ಟೆ ಅಂತ."

ನಾಗರತ್ನಾ ಮುಂದೆ ಬಾಗಿ ಫೋನಿಗೆ ಮುಖ ಕೊಟ್ಟಳು. ಅಷ್ಟು ಹತ್ತಿರದಿಂದ ಆ ಕಣ್ಣುಗಳು ಕಿರಿದಾಗಿರಲಿಲ್ಲ. "ಕಟ್ ಮಾಡಿದಾಕಿ ನಾನ್ರೀ ಯವ್ವಾ," ಎಂದಳು. ಕ್ಯಾಪ್ಟನ್ ನಕ್ಕು ತಲೆದೂಗಿ, ಏನು ಹೇಳಿದಳೆಂದು ಬಸವಲಿಂಗನನ್ನು ಕೇಳಿದಳು. ಅವನು, ನಮ್ಮ ಮನಿಗೆ ಬರ್ರಿ ಅಂತಾಳ ಎಂದು ಇಂಗ್ಲಿಷಿನಲ್ಲಿ ಹೇಳಿದ. ಅಷ್ಟು ಇಂಗ್ಲಿಷು ನಾಗರತ್ನಾಳಿಗೆ ತಿಳಿಯುತ್ತಿತ್ತು. ಅವಳು ಅವನ ಮುಖ ನೋಡಿದಳು. ಅವನು ನೋಡಲಿಲ್ಲ. ನಮ್ಮಿಬ್ಬರದು ಎಂದುಕೊಂಡಿದ್ದನ್ನು ಅವನು ಎಷ್ಟು ಬೇಗ ಕಾಪಾಡತೊಡಗಿದ. ಸುಮ್ಮನಿದ್ದುಬಿಟ್ಟರೆ ಅದು ಹಾಗೆಯೇ ಉಳಿಯುತ್ತದೆ, ಜೀವನಪೂರ್ತಿ. ಅವಳು ಅವನ ಕೈಯಿಂದ ಫೋನನ್ನು ತೆಗೆದುಕೊಂಡಳು.

"ನೋ," ಎಂದಳು. ಬೇಕಾದ ಮಾತು ಒಂದೂ ಸಿಗಲಿಲ್ಲ, ಸಿಕ್ಕಿದ್ದನ್ನೇ ಜೋಡಿಸಿದಳು. "ಐ ಕಟ್. ಫೋನ್. ಐ ಕಟ್."

ಕ್ಯಾಪ್ಟನ್ ಕಿವಿಯನ್ನು ಹತ್ತಿರ ತಂದು ಕೇಳಿಸಿಕೊಂಡಳು. ಹುಬ್ಬು ಗಂಟಿಕ್ಕಿ ಯೋಚಿಸಿದಳು. ಮುಖ 'ತಿಳಿಯಿತು' ಎಂಬಂತೆ ಸಡಿಲಾಯಿತು. "ಯು ಕಟ್? ಓಕೆ, ಸಿಸ್ಟರ್. ಓಕೆ," ಎಂದು ಕೈಬೀಸಿ, ನಾಗರತ್ನಾ ಫೋನನ್ನು ಇಡಬೇಕೆನ್ನುತ್ತಿದ್ದಾಳೆಂದುಕೊಂಡು, ತಾನೇ ಇಟ್ಟುಬಿಟ್ಟಳು.

ಹಿತ್ತಲ ಬಾಗಿಲಿಗೆ ಬಂದ ಅನ್ನಮ್ಮ, ಫೋನಿನ್ಯಾಗ ಆ ತಾಯಿ ಇದ್ಳಲ್ಲ, ಏನಂದ್ಳು ಎಂದು ಕೇಳಿದಳು.

"ಓಕೆ ಅಂದ್ಳು," ಎಂದಳು ನಾಗರತ್ನಾ.